ರಾತ್ರಿ ಹಂದಿ ಬೇಟೆಗೆ ಕರೆದಿದ್ದಾರೆ, ವೀಸಾದಲ್ಲಿ ಇರುವವನು ಹೋಗಬಹುದಾ?

ಆಸ್ಟಿನ್_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸಿನಲ್ಲಿ ಇರುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ನನ್ನ ಟೀಮಿನವನೊಬ್ಬನ ಮಾವನಿಗೆ ಲಾನೋ ಊರಿನಾಚೆ ರಾಂಚ್ ಇದೆ. ಆಸ್ಟಿನ್‌ನಿಂದ ಒಂದೂವರೆ ಗಂಟೆ ದಾರಿ. ಐನೂರು ಚಿಲ್ಲರೆ ಎಕರೆ. ದನ ಸಾಕುತ್ತಾರೆ. ದನಕ್ಕೆ ಮೇವು ಅಂತ ಒಂದು ಕಡೆ ಓಟ್ಸ್ ಬಿತ್ತಿದ್ದಾರೆ. ಹೋದ ತಿಂಗಳು ಹಂದಿ ಹಿಂಡು ನುಗ್ಗಿ ಅರ್ಧ ಓಟ್ಸ್ ಮಗುಚಿ ಹಾಕಿದೆ. ಫೋಟೋ ತೋರಿಸಿದ. ನಮ್ಮೂರಲ್ಲಿ ಟಿಲ್ಲರ್ ಹೊಡೆದ ಗದ್ದೆ ಥರಾನೇ ಇತ್ತು.

ಬರುವ ಶನಿವಾರ ರಾತ್ರಿ ಥರ್ಮಲ್ ಸ್ಕೋಪ್ (ಕತ್ತಲಲ್ಲಿ ಮೈಬಿಸಿ ಹಿಡಿದು ತೋರಿಸುವ ದುರ್ಬೀನು) ಹಾಕಿಕೊಂಡು ಕಾಯುತ್ತಾರಂತೆ. ‘ನೀನೂ ಬಾ, ಒಂದು ರೈಫಲ್ ನಿನ್ನ ಕೈಗೂ ಕೊಡುತ್ತೇನೆ’ ಅಂದಿದ್ದಾರೆ ಮಾವ. ನಾನು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದೇನೆ. ಬಂದೂಕು ಹಿಡಿದಿದ್ದು ಜಾತ್ರೆಯಲ್ಲಿ ಬಲೂನು ಹೊಡೆಯುವಾಗ ಮಾತ್ರ. ರಾತ್ರಿ ಬೇಟೆ ಕಾನೂನು ಪ್ರಕಾರ ಸರಿನಾ? ಲೈಸೆನ್ಸ್ ಬೇಕಾ? ಏನು ಹಾಕಿಕೊಂಡು ಹೋಗಬೇಕು?

ಹಿಂದಿನ_ಬೆಂಚು

ಬಲೂನಿಗಾದರೂ ಬಿತ್ತಾ?

ಆಸ್ಟಿನ್_ತೀರ್ಥಹಳ್ಳಿ

ಎರಡು ಬಿತ್ತು. ಬಾಚಣಿಗೆ ಕೊಟ್ಟರು.

ಸ್ಯಾನ್‌ಆಂಟೋನಿಯೋ_ಗೌಡ್ರು

ಹೋಗಿ ಸ್ವಾಮಿ, ಏನೂ ತೊಂದರೆ ಇಲ್ಲ. ಖಾಸಗಿ ಜಮೀನು, ಜಮೀನಿನವರ ಒಪ್ಪಿಗೆ ಇದೆ, ಅಷ್ಟು ಸಾಕು. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯಲು ಬೇಟೆ ಲೈಸೆನ್ಸೇ ಬೇಡ. ಇಷ್ಟೇ ಹೊಡೀಬೇಕು ಅನ್ನುವ ಲೆಕ್ಕ ಇಲ್ಲ. ಸೀಸನ್ ಇಲ್ಲ. ಹಗಲಾದರೂ ಸರಿ, ರಾತ್ರಿಯಾದರೂ ಸರಿ. ಜಿಂಕೆ ಆದರೆ ರಾತ್ರಿ ಟಾರ್ಚ್ ಬಿಟ್ಟರೂ ಕೇಸು. ಹಂದಿಗೆ ಯಾವ ಮುಲಾಜೂ ಇಲ್ಲ.

ಹೆಲಿಕಾಪ್ಟರಿನಿಂದ ಹೊಡೆಯಲು 2011ರಲ್ಲೇ ಕಾನೂನು ಮಾಡಿದರು. 2017ರಲ್ಲಿ ಬಿಸಿಗಾಳಿ ಬಲೂನಿನಿಂದಲೂ ಹೊಡೆಯಬಹುದು ಅಂತ ಇನ್ನೊಂದು ಬಂತು. ನೀವು ಬಲೂನು ಹೊಡೆದವರು, ಇವರು ಬಲೂನಲ್ಲಿ ಕೂತು ಹೊಡೆಯುವವರು. ಹೊಂದಾಣಿಕೆ ಆಗುತ್ತೆ ಬಿಡಿ.

ಒಂದು ಮಾತ್ರ ಮಾಡಿ. ರಾತ್ರಿ ಕೂರುವ ಮುಂಚೆ ಆ ಕೌಂಟಿಯ (ಇಲ್ಲಿನ ಜಿಲ್ಲೆ) ಬೇಟೆ ಕಾನೂನು ನೋಡಿಕೊಳ್ಳುವ ಗೇಮ್ ವಾರ್ಡನ್‌ಗೋ ಶೆರಿಫ್ ಆಫೀಸಿಗೋ ಒಂದು ಫೋನ್ ಹಾಕಿ ಅಂತ ರಾಂಚಿನವರಿಗೆ ಹೇಳಿ. ಕಡ್ಡಾಯ ಅಲ್ಲ. ಆದರೆ ನಡುರಾತ್ರಿ ಗುಂಡಿನ ಸದ್ದು ಕೇಳಿ ಅಕ್ಕಪಕ್ಕದವರು ದೂರು ಕೊಟ್ಟರೆ ಸುಮ್ನೆ ತಲೆನೋವು.

ವೀಸಾ_ಪುರಾಣ

ಗೌಡ್ರೇ, ಅರ್ಧ ಸರಿ ಹೇಳಿದಿರಿ. ಇನ್ನರ್ಧ ಕೇಳಿ ಹೋದರೆ ಈ ಹುಡುಗನ ವೀಸಾ ಹೋಗುತ್ತೆ.

ನೀವು ಹೇಳಿದ್ದು ಟೆಕ್ಸಾಸ್ ಕಾನೂನು. ಅದರ ಮೇಲೆ ಫೆಡರಲ್ ಕಾನೂನು ಒಂದಿದೆ. ಎಚ್-1ಬಿ, ಎಚ್-4, ಎಫ್-1, ಹೀಗೆ ನಾನ್‌ಇಮಿಗ್ರಂಟ್ (ಕಾಯಂ ಅಲ್ಲದ, ತಾತ್ಕಾಲಿಕ) ವೀಸಾದಲ್ಲಿ ಇರುವವರು ಬಂದೂಕನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವ ಹಾಗಿಲ್ಲ. ‘ಇಟ್ಟುಕೊಳ್ಳುವುದು’ ಅಂದರೆ ಕೊಂಡುಕೊಳ್ಳುವುದು ಮಾತ್ರ ಅಲ್ಲ. ಇನ್ನೊಬ್ಬರದ್ದನ್ನು ಕೈಯಲ್ಲಿ ಹಿಡಿದರೂ ಅದೇ ಲೆಕ್ಕ. ಇದಕ್ಕೆ ಕೆಲವು ವಿನಾಯಿತಿ ಇದೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು.

ಈಗ ಸಿಕ್ಕು ಎಲ್ಲಿ ಬಿತ್ತು ನೋಡಿ. ಟೆಕ್ಸಾಸ್ ಹೇಳುತ್ತೆ, ಹಂದಿಗೆ ಲೈಸೆನ್ಸ್ ಬೇಡ. ಹುಡುಗ ಲೈಸೆನ್ಸ್ ಮಾಡಿಸಲ್ಲ. ಲೈಸೆನ್ಸ್ ಇಲ್ಲದ ಕಾರಣಕ್ಕೇ ಫೆಡರಲ್ ವಿನಾಯಿತಿ ಸಿಗಲ್ಲ. ಹಂದಿಗೆ ಬೇಡದ ಲೈಸೆನ್ಸ್ ಬಂದೂಕಿಗೆ ಬೇಕು!

ಸ್ಯಾನ್‌ಆಂಟೋನಿಯೋ_ಗೌಡ್ರು

ಹನ್ನೆರಡು ವರ್ಷದಿಂದ ಬೇಟೆ ಆಡುತ್ತಿದ್ದೇನೆ. ಒಬ್ಬನೂ ನನ್ನ ವೀಸಾ ಕೇಳಿಲ್ಲ. ಸುಮ್ನೆ ಹೆದರಿಸಬೇಡಿ.

ವೀಸಾ_ಪುರಾಣ

ನಿಮ್ಮದು ಗ್ರೀನ್ ಕಾರ್ಡ್ ಅಲ್ವಾ?

ಸ್ಯಾನ್‌ಆಂಟೋನಿಯೋ_ಗೌಡ್ರು

ಹೌದು. 2013ರಿಂದ.

ವೀಸಾ_ಪುರಾಣ

ಮುಗಿಯಿತಲ್ಲ. ಗ್ರೀನ್ ಕಾರ್ಡಿನವರಿಗೆ ಈ ನಿರ್ಬಂಧ ಇಲ್ಲ. ಬೇಟೆಗೆ ಹೋದ ರಾತ್ರಿ ಯಾರೂ ಕೇಳದೆ ಇರಬಹುದು. ಆಮೇಲೆ ಯಾವುದೋ ಅರ್ಜಿ ತುಂಬುವಾಗ, ಯಾವುದೋ ಸಂದರ್ಶನದಲ್ಲಿ, ಫೇಸ್‌ಬುಕ್ಕಿನಲ್ಲಿ ರೈಫಲ್ ಹಿಡಿದ ಫೋಟೋ ಎದುರಿಗೆ ಬಂದರೆ? ನಾನು ವಕೀಲ ಅಲ್ಲ. ಶನಿವಾರಕ್ಕೆ ಮುಂಚೆ ನಿಮ್ಮ ವಕೀಲರಿಗೆ ಒಂದು ಮೇಲ್ ಹಾಕಿ.

ಸ್ಯಾನ್‌ಆಂಟೋನಿಯೋ_ಗೌಡ್ರು

ಸರಿ, ಇದು ನನಗೆ ಗೊತ್ತಿರಲಿಲ್ಲ. ತಪ್ಪೊಪ್ಪಿಗೆ. ಹಾಗಾದರೆ ಲೈಸೆನ್ಸ್ ಮಾಡಿಸಿಬಿಡಿ, ದೊಡ್ಡ ಖರ್ಚಲ್ಲ. ಟೆಕ್ಸಾಸಿನಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇದ್ದವರಿಗೆ ಸ್ಥಳೀಯರ ದರ. ನಾನು ಕೊಟ್ಟಿದ್ದು 25 ಡಾಲರ್. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮಾಡಬೇಕು. ದೊಡ್ಡವರಿಗೆ ಆನ್‌ಲೈನಲ್ಲೇ ಆಗುತ್ತೆ. ಬಂದೂಕು ಹಿಡಿದು ಬೇಲಿ ದಾಟುವುದು ಹೇಗೆ ಅನ್ನುವುದರಿಂದ ಶುರು ಮಾಡುತ್ತಾರೆ. ಬಲೂನು ಹೊಡೆದವರಿಗೆ ಬೇಕೇ ಬೇಕು.

ತುಳಸಿಕಟ್ಟೆ

ನೀವೆಲ್ಲ ಹೊಡೆಯುವುದು ಹೇಗೆ ಅಂತ ಮಾತಾಡುತ್ತಿದ್ದೀರಿ. ಯಾಕೆ ಅಂತ ಯಾರೂ ಕೇಳುತ್ತಿಲ್ಲ. ರಾತ್ರಿ, ಕತ್ತಲಲ್ಲಿ, ಅದಕ್ಕೆ ಕಾಣದ ಹಾಗೆ ಕೂತು, ಯಂತ್ರದ ಕಣ್ಣಿಟ್ಟು ಹೊಡೆಯುವುದು ಯಾವ ಶೌರ್ಯ? ವರಾಹ ಅವತಾರ ಅಂತ ಕೈ ಮುಗಿಯುವ ಜನ ನಾವು.

ಲಬಕ್_ಹತ್ತಿಬೆಳೆ

ಶೌರ್ಯ ಅಂತ ಯಾರು ಹೇಳಿದರು? ಇದು ಕಳೆ ಕೀಳುವ ಕೆಲಸ.

ನಾನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಇಲ್ಲಿಗೆ ಬಂದವನು. ಈಗ ಕೆಲಸವೇ ರೈತರ ಹೊಲ ಸುತ್ತುವುದು. ಟೆಕ್ಸಾಸಿನ 254 ಕೌಂಟಿಗಳಲ್ಲಿ 253ರಲ್ಲಿ ಹಂದಿ ಇದೆ. ಒಟ್ಟು 26 ಲಕ್ಷಕ್ಕೂ ಹೆಚ್ಚು ಅನ್ನುವ ಅಂದಾಜು. ಮೆಕ್ಕೆಜೋಳ ಬಿತ್ತಿದ ರಾತ್ರಿಯೇ ಬರುತ್ತವೆ. ಸಾಲು ಹಿಡಿದು ಮೂತಿ ಒತ್ತಿಕೊಂಡು ಹೋಗುತ್ತವೆ, ಹೊಲಿಗೆ ಬಿಚ್ಚಿದ ಹಾಗೆ. ಬೆಳಿಗ್ಗೆ ನೋಡಿದರೆ ಸಾಲಿನಲ್ಲಿ ಒಂದು ಬೀಜ ಇರಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ, ಆಮೆ ಮೊಟ್ಟೆ, ಆಗತಾನೆ ಹುಟ್ಟಿದ ಕುರಿಮರಿ, ಎಲ್ಲ ತಿನ್ನುತ್ತವೆ. ಬೆವರುವ ಶಕ್ತಿ ಇಲ್ಲದ ಪ್ರಾಣಿ, ಕೆಸರು ಬೇಕೇ ಬೇಕು. ಹಳ್ಳದ ನೀರೆಲ್ಲ ರಾಡಿ.

ಇನ್ನು ಸಂತಾನ. ಆರೆಂಟು ತಿಂಗಳಿಗೇ ಹೆಣ್ಣು ಮರಿ ಹಾಕಲು ತಯಾರು. ಗರ್ಭ ನಾಲ್ಕು ತಿಂಗಳೂ ಇಲ್ಲ, 115 ದಿನದ ಆಸುಪಾಸು. ಒಂದು ಸೂಲಿಗೆ ನಾಲ್ಕರಿಂದ ಆರು. ವರ್ಷಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ತೆಗೆದರೆ ಸಂಖ್ಯೆ ಇದ್ದಲ್ಲೇ ಇರುತ್ತೆ. ಕಮ್ಮಿ ಆಗಲ್ಲ, ಇದ್ದಲ್ಲೇ ಇರುತ್ತೆ.

ತುಳಸಿಕಟ್ಟೆ

ಅದರ ಕಾಡಿಗೆ ನಾವು ನುಗ್ಗಿ, ಅದು ನುಗ್ಗಿತು ಅನ್ನುವುದು ಹಳೇ ಕಥೆ.

ಲಬಕ್_ಹತ್ತಿಬೆಳೆ

ಇಲ್ಲಿ ಆ ಮಾತು ಹೊಂದಲ್ಲ. ಅಮೆರಿಕದಲ್ಲಿ ಹಂದಿಯೇ ಇರಲಿಲ್ಲ. 1539ರಲ್ಲಿ ಸ್ಪೇನಿನ ಡಿ ಸೋಟೋ ಫ್ಲಾರಿಡಾಕ್ಕೆ ಬಂದಾಗ ಊಟಕ್ಕೆ ಅಂತ ಹಂದಿ ಹೊಡೆದುಕೊಂಡು ಬಂದ. ಆಮೇಲೆ ಬಂದವರೂ ತಂದರು. ದನದ ಹಾಗೆ ಬಯಲಿಗೆ ಬಿಟ್ಟು ಸಾಕುತ್ತಿದ್ದರು, ತಪ್ಪಿಸಿಕೊಂಡವು ಉಳಿದವು. 1930ರ ದಶಕದಲ್ಲಿ ಬೇಟೆ ಶೋಕಿಗೆ ಅಂತ ಯುರೋಪಿನ ಕಾಡುಹಂದಿ ತಂದು ಬಿಟ್ಟರು. ಎರಡೂ ಬೆರೆತು ಈಗಿನದ್ದು ಆಗಿದೆ. ಕಾಡುಹಂದಿ ಅನ್ನುವುದಕ್ಕಿಂತ ಕಾಡು ಬಿದ್ದ ಊರಹಂದಿ ಅನ್ನುವುದೇ ಸರಿ.

ಹಿಂದಿನ_ಬೆಂಚು

2019ರಲ್ಲಿ ‘ಮಕ್ಕಳು ಆಡುವಾಗ ಮೂರರಿಂದ ಐದು ನಿಮಿಷದಲ್ಲಿ 30-50 ಹಂದಿ ಅಂಗಳಕ್ಕೆ ನುಗ್ಗುತ್ತವೆ, ಏನು ಮಾಡಲಿ’ ಅಂತ ಒಬ್ಬ ಟ್ವಿಟರಿನಲ್ಲಿ ಕೇಳಿದ್ದ. ಇಡೀ ಜಗತ್ತು ನಕ್ಕಿತು. ನಾನೂ ನಕ್ಕಿದ್ದೆ.

ಲಬಕ್_ಹತ್ತಿಬೆಳೆ

ಅವನು ಅರ್ಕನ್ಸಾದವನು. ಅದೇ ವರ್ಷ ನವೆಂಬರಿನಲ್ಲಿ ಇಲ್ಲಿ ಹೂಸ್ಟನ್ ಆಚೆ ಅನಾವಾಕ್‌ನಲ್ಲಿ, ಬೆಳಗಿನ ಜಾವ ಕೆಲಸಕ್ಕೆ ಬಂದ ಹೆಂಗಸೊಬ್ಬರನ್ನು ಮನೆಯೊಂದರ ಅಂಗಳದಲ್ಲೇ ಹಂದಿಗಳು ಕೊಂದವು. ಅಂಥದ್ದು ತೀರಾ ಅಪರೂಪ. ಆದರೂ ಆಮೇಲೆ ನನಗೆ ಆ ಜೋಕಿಗೆ ನಗು ಬರಲಿಲ್ಲ.

ಹೊಸನಗರ_ಕಾವಲು

ಟೆಕ್ಸಾಸ್ ಕಥೆ ಓದಿ ಹೊಟ್ಟೆ ಉರಿಯಿತು ಅನ್ನಲಾ, ನಗು ಬಂತು ಅನ್ನಲಾ ಗೊತ್ತಾಗುತ್ತಿಲ್ಲ.

ನನ್ನದು ಎರಡೂವರೆ ಎಕರೆ ಗದ್ದೆ, ಸ್ವಲ್ಪ ಅಡಿಕೆ, ಶುಂಠಿ. ಭತ್ತ ಹಾಲುಗಟ್ಟುವ ಹೊತ್ತಿಗೆ ಅಟ್ಟಣೆ ಕಟ್ಟಿಕೊಂಡು ಮಲಗುತ್ತೇನೆ. ಮಲಗುವುದು ಅಂತ ಹೆಸರಿಗೆ. ಡಬ್ಬ ಬಡಿಯುವುದು, ಪಟಾಕಿ, ಹಳೇ ಸೀರೆ ಬೇಲಿ. ಕ್ಷೌರದ ಅಂಗಡಿಯಿಂದ ಕೂದಲು ತಂದು ಸುತ್ತ ಚೆಲ್ಲಿದ್ದೂ ಆಯ್ತು. ಮೂಸಿದಾಗ ಮೂಗಿಗೆ ಹೋಗುತ್ತೆ, ಹೆದರುತ್ತೆ ಅಂತ ಯಾರೋ ಹೇಳಿದರು. ಮೂರು ರಾತ್ರಿ ಹೆದರಿತು. ನಾಲ್ಕನೇ ರಾತ್ರಿ ಕೂದಲ ಮೇಲೇ ಹೊರಳಾಡಿ ಹೋಗಿತ್ತು. ಬೆಳೆ ಪರಿಹಾರಕ್ಕೆ ಅರ್ಜಿ ಕೊಟ್ಟು ಒಂದೂವರೆ ವರ್ಷ ಆಯಿತು. ಹಂದಿ ವಾರಕ್ಕೆರಡು ಸಲ ಬರುತ್ತೆ, ದುಡ್ಡು ಮಾತ್ರ ಬರಲಿಲ್ಲ.

ಅಲ್ಲಿ ಹೆಲಿಕಾಪ್ಟರಂತೆ. ನಮಗೆ ಡಬ್ಬ.

ಕಟ್ಟೆಪುರಾಣ

ಮತ್ತೆ ಕೇರಳದಲ್ಲಿ ಹೊಡೆಯಬಹುದಂತಲ್ಲ? ಬಿಹಾರದಲ್ಲೂ ಬಿಟ್ಟಿದ್ದರು. ನಮ್ಮಲ್ಲಿ ಯಾಕಿಲ್ಲ?

ವೀಸಾ_ಪುರಾಣ

ಸುಮ್ಮನೆ ಹೊಡೆಯಬಹುದು ಅಂತ ಎಲ್ಲೂ ಇಲ್ಲ. ವನ್ಯಜೀವಿ ಕಾಯ್ದೆ 1972ರದ್ದು. 2022ರ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಪ್ರಾಣಕ್ಕೋ ಬೆಳೆಗೋ ಅಪಾಯ ಇದ್ದರೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅಪ್ಪಣೆ ಕೊಡಬೇಕು. ಕೇರಳ 2022ರಲ್ಲಿ ಆ ಅಪ್ಪಣೆ ಕೊಡುವ ಕೆಲಸವನ್ನು ಪಂಚಾಯತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು, ಅಷ್ಟೇ. ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಪೀಡೆ ಪ್ರಾಣಿ ಅಂತ ಘೋಷಿಸಿದ್ದು ಕೇಂದ್ರ ಸರ್ಕಾರ, ಅದೂ ಒಂದು ಅವಧಿಗೆ ಮಾತ್ರ.

ಮಡಿಕೇರಿ_ಮಂಜು

ನಮ್ಮ ಕೊಡವರಿಗೆ ಕೋವಿ ಹಕ್ಕಿದೆ, ಲೈಸೆನ್ಸ್ ಬೇಡ. ಹಾಗಾಗಿ ತೋಟಕ್ಕೆ ಬಂದರೆ ಹೊಡೆಯಬಹುದು ಅಂತ ಕೆಲವರು ಅಂದುಕೊಂಡಿದ್ದಾರೆ. ತಪ್ಪು. ಆ ವಿನಾಯಿತಿ ಬಂದೂಕು ಇಟ್ಟುಕೊಳ್ಳಲು ಮಾತ್ರ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಡಿ. ಹಂದಿಗೆ ಇಟ್ಟರೆ ಕೇಸು.

ಮೇಲಿನ ಹುಡುಗನದ್ದು ತಿರುಗಾಮುರುಗಾ. ಅವನಿಗೆ ಹಂದಿ ಹೊಡೆಯಲು ಅಡ್ಡಿ ಇಲ್ಲ, ಬಂದೂಕು ಹಿಡಿಯಲು ಅಡ್ಡಿ. ನಮಗೆ ಬಂದೂಕು ಉಂಟು, ಹಂದಿ ಇಲ್ಲ.

ಹೊಸನಗರ_ಕಾವಲು

ಕೇಸು ಅಂತ ಹೆದರಿ ಕೆಲವರು ಕದ್ದು ಉರುಳು ಹಾಕುತ್ತಾರೆ. ಅದು ಇನ್ನೂ ಕೆಟ್ಟದ್ದು. ನಮ್ಮ ಪಕ್ಕದ ಊರಿನಲ್ಲಿ ಹಂದಿಗೆ ಹಾಕಿದ ಉರುಳಿಗೆ ಚಿರತೆ ಬಿತ್ತು. ಸೊಂಟಕ್ಕೆ ಬಿಗಿದಿತ್ತು. ಇಡೀ ಬೆಳಿಗ್ಗೆ ಅದರ ಕೂಗು ಕೇಳಿದ್ದೇನೆ. 2020ರಲ್ಲಿ ಪಾಲಕ್ಕಾಡಿನ ಬಸುರಿ ಆನೆ ಸತ್ತಿದ್ದೂ ಸಿಡಿಮದ್ದು ತುಂಬಿದ ಕಾಯಿ ಕಚ್ಚಿಯೇ. ಅಂಥದ್ದು ಹಂದಿಗೆ ಅಂತ ಇಡುತ್ತಾರೆ.

ಶಾಸನ_ಸುತ್ತಾಟ

ಹಂದಿ, ಬೇಟೆ ಅಂತ ಬಂದ ಮೇಲೆ ಒಂದು ಹೇಳಲೇಬೇಕು, ವಿಷಯಾಂತರ ಆದರೂ ಸರಿ.

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಒಂದು ವೀರಗಲ್ಲು ಸಿಕ್ಕಿದೆ. ಕ್ರಿ.ಶ. 949-50ರದ್ದು. ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವ ಯೋಧನಿಗೆ ‘ಏನು ಬೇಕೋ ಕೇಳು’ ಅಂದರು. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಅನ್ನುವ ನಾಯಿ ಕೊಡಿ ಅಂದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಗೆ ಕಲ್ಲು ನೆಡಿಸಿದ. ಕಲ್ಲಿನ ಮೇಲೆ ನಾಯಿ ಹಂದಿ ಎದುರುಬದುರು ನಿಂತ ಚಿತ್ರವೂ ಇದೆ. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಹೋಗಿ ನೋಡಿ.

ಸ್ಯಾನ್‌ಆಂಟೋನಿಯೋ_ಗೌಡ್ರು

ಅಬ್ಬಾ! ಇದು ಇಲ್ಲಿ ಇವತ್ತಿಗೂ ಹಾಗೇ ನಡೆಯುತ್ತೆ ಸ್ವಾಮಿ. ನಾಯಿ ಬಿಟ್ಟು ಆಡುವವರ ಗುಂಪೇ ಬೇರೆ. ಅದರಲ್ಲಿ ಎರಡು ಜಾತಿ. ಒಂದು ಹಂದಿಯನ್ನು ಹುಡುಕಿ ಸುತ್ತುಗಟ್ಟಿ ಬೊಗಳಿ ನಿಲ್ಲಿಸುವ ನಾಯಿ. ಇನ್ನೊಂದು ಹೋಗಿ ಕಿವಿ ಕಚ್ಚಿ ಹಿಡಿಯುವ ನಾಯಿ. ಹಿಡಿಯುವ ನಾಯಿಗೆ ಗುಂಡು ನಿರೋಧಕ ಬಟ್ಟೆಯ ಥರದ ದಪ್ಪ ಅಂಗಿ ಹಾಕುತ್ತಾರೆ, ಕೋರೆ ತಾಗದಿರಲಿ ಅಂತ. ಕೊರಳಲ್ಲಿ ಜಿಪಿಎಸ್. ಕಾಳಿಗೂ ಒಂದು ಅಂಗಿ ಇದ್ದಿದ್ದರೆ ಕಲ್ಲು ಬೇಕಾಗುತ್ತಿರಲಿಲ್ಲ.

ಶಾಸನ_ಸುತ್ತಾಟ

ನಮಗೆ ಶಾಸನವೂ ಸಿಗುತ್ತಿರಲಿಲ್ಲ!

ಲಬಕ್_ಹತ್ತಿಬೆಳೆ

ಮೂಲ ವಿಷಯಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯ ಹೇಳಿದರೆ ಗೌಡ್ರಿಗೆ ಸಿಟ್ಟು ಬರುತ್ತೆ. ಶೋಕಿಗೆ ರಾತ್ರಿ ಹೊಡೆಯುವುದರಿಂದ ಹಂದಿ ಕಮ್ಮಿ ಆಗಲ್ಲ. ಸಾಲದ್ದಕ್ಕೆ ಹರಡುತ್ತೆ.

ಹೆಣ್ಣುಗಳು, ಮರಿಗಳು ಸೇರಿ ಒಂದು ಹಿಂಡು. ಇಪ್ಪತ್ತು ಇದ್ದರೆ ನೀವು ಮೂರು ಹೊಡೆಯುತ್ತೀರಿ. ಹದಿನೇಳು ಚೆದುರಿ ಪಕ್ಕದ ರಾಂಚಿಗೆ ಹೋಗುತ್ತವೆ. ಆ ಜಾಗಕ್ಕೆ ಕೆಲವು ದಿನ ಬರಲ್ಲ, ಬಂದರೂ ಹುಷಾರಾಗಿ ಬರುತ್ತವೆ. ಅದಕ್ಕೇ ಮಿಸೌರಿ ತನ್ನ ಸಂರಕ್ಷಣಾ ಇಲಾಖೆಯ ಜಮೀನುಗಳಲ್ಲಿ 2016ರಲ್ಲಿ ಹಂದಿ ಬೇಟೆಯನ್ನೇ ನಿಷೇಧಿಸಿತು. ಟೆನೆಸ್ಸೀ 1999ರಲ್ಲಿ ಇಡೀ ರಾಜ್ಯದಲ್ಲಿ ಬೇಟೆ ತೆರೆಯಿತು. ಏನಾಯಿತು? ಬೇಟೆ ಸಿಗಲಿ ಅಂತ ಜನರೇ ಹಂದಿ ತಂದು ಹೊಸ ಹೊಸ ಕಡೆ ಬಿಟ್ಟರು. 2011ರಲ್ಲಿ ಬಾಗಿಲು ಮುಚ್ಚಬೇಕಾಯಿತು.

ಕೆಲಸ ಆಗುವುದು ದನದ ದೊಡ್ಡಿ ಥರ ಬೇಲಿ ಕಟ್ಟಿದ ದೊಡ್ಡ ಬಲೆಯಿಂದ. ಕೆಲವು ವಾರ ಜೋಳ ಹಾಕಿ ಇಡೀ ಹಿಂಡನ್ನು ರೂಢಿ ಮಾಡಿಸಬೇಕು. ಕ್ಯಾಮೆರಾ ಇಟ್ಟು ಎಣಿಸಬೇಕು. ಕೊನೆಯದ್ದು ಒಳಗೆ ಬಂದ ಮೇಲೆ ಫೋನಿನಿಂದ ಬಾಗಿಲು ಬೀಳಿಸಬೇಕು. ಒಂದು ಹೊರಗೆ ಉಳಿದರೂ ಅದಕ್ಕೆ ಬುದ್ಧಿ ಬರುತ್ತೆ, ಆಮೇಲೆ ಬಲೆ ಹತ್ತಿರ ಸುಳಿಯಲ್ಲ.

ಸ್ಯಾನ್‌ಆಂಟೋನಿಯೋ_ಗೌಡ್ರು

ಸಿಟ್ಟೇನೂ ಇಲ್ಲ. ಆದರೆ ಆ ಬಲೆಗೆ ಸಾವಿರಾರು ಡಾಲರ್ ಆಗುತ್ತೆ, ವಾರಗಟ್ಟಲೆ ಕಾಯಬೇಕು. ಸಣ್ಣ ರಾಂಚಿನವನು ಏನು ಮಾಡಬೇಕು? ಬಲೆಗೆ ಬೀಳದ ಒಂಟಿ ಗಂಡನ್ನು ಕೊನೆಗೆ ಹೊಡೆಯಲೇಬೇಕು. ನಾವು ಹೊಡೆದಿದ್ದೂ ಲೆಕ್ಕಕ್ಕೆ ಬರುತ್ತೆ.

ಲಬಕ್_ಹತ್ತಿಬೆಳೆ

ಒಂಟಿ ಗಂಡಿನ ವಿಷಯ ಒಪ್ಪಿದೆ. ಆದರೆ ಬೇಟೆಗೆ ಬಂದವರ ಹತ್ತಿರ ರಾತ್ರಿಗೆ ತಲೆಗೆ ಮುನ್ನೂರು ನಾನೂರು ಡಾಲರ್ ತೆಗೆದುಕೊಳ್ಳುವ ರಾಂಚುಗಳನ್ನು ನೋಡಿದ್ದೇನೆ. ಅವರಿಗೆ ಹಂದಿ ಪೂರ್ತಿ ಖಾಲಿ ಆಗುವುದು ಬೇಕಾ, ನೀವೇ ಹೇಳಿ.

ಕಟ್ಟೆಪುರಾಣ

ವಿಷ ಹಾಕಿದರೆ ಆಗಲ್ವಾ?

ಲಬಕ್_ಹತ್ತಿಬೆಳೆ

2017ರಲ್ಲಿ ವಾರ್ಫರಿನ್ ಬೆರೆಸಿದ ಆಹಾರಕ್ಕೆ ರಾಜ್ಯದ ಕೃಷಿ ಆಯುಕ್ತರು ದಾರಿ ಬಿಟ್ಟಿದ್ದರು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮದ್ದು ಅದು. ಬೇಟೆಯವರು, ಮಾಂಸ ಮಾರುವವರು, ಪರಿಸರದವರು, ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಅವರೆಲ್ಲ ಒಂದೇ ಕಡೆ ನಿಂತಿದ್ದು ಅಪರೂಪ. ಆಗ ಹಿಂದೆ ಸರಿಯಿತು. 2024ರಲ್ಲಿ ನಿರ್ಬಂಧದ ಜೊತೆ ಮತ್ತೆ ಬಂದಿದೆ.

ಮೆಸ್ಕೀಟ್_ಮುಳ್ಳು

ಹೋಗುವವರಿಗೆ ನನ್ನ ಅನುಭವದ ನಾಲ್ಕು ಮಾತು. ಮೂರು ಸಲ ಹೋಗಿದ್ದೇನೆ.

ಹಂದಿಗೆ ಕಣ್ಣು ಅಷ್ಟಕ್ಕಷ್ಟೆ, ಮೂಗು ಮಾತ್ರ ವಿಪರೀತ. ಸೆಂಟು, ಘಮಘಮ ಸೋಪು ಬೇಡ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆ ಬೀಸಿದರೆ ಆಟ ಮುಗಿಯಿತು. ಬಿಳೀ ಟಾರ್ಚ್ ಬೇಡ, ಕೆಂಪು ಅಥವಾ ಹಸಿರು ಇರಲಿ. ಉದ್ದ ಬೂಟು ಹಾಕಿ. ಹಾವಿಗೆ ಮಾತ್ರ ಅಲ್ಲ, ಬೆಂಕಿ ಇರುವೆಗೆ. ಅಲ್ಲಾಡದೆ ನಿಂತಿರುತ್ತೀರಿ, ಕೆಳಗೆ ಗೂಡು ಇದ್ದರೆ ಗೊತ್ತಾಗುವಷ್ಟರಲ್ಲಿ ಮೊಣಕಾಲು ದಾಟಿರುತ್ತವೆ.

ಇದಕ್ಕಿಂತ ಮುಖ್ಯ, ಥರ್ಮಲ್ ತೋರಿಸುವುದು ಬಿಸಿಯನ್ನು. ಬಣ್ಣ ಇಲ್ಲ, ಹಿಂದಿನ ತಂತಿ ಬೇಲಿ ಸರಿಯಾಗಿ ಕಾಣಲ್ಲ. ನನ್ನ ಜೊತೆ ಬಂದಿದ್ದ ಒಬ್ಬರು ಮಲಗಿದ್ದ ಕರುವಿಗೆ ಹೊಡೆದರು. ರಾಂಚಿನವನು ಏನೂ ಮಾತಾಡಲಿಲ್ಲ. ಬೆಳಿಗ್ಗೆ ಬಿಲ್ಲು ಕೊಟ್ಟ. ದಕ್ಷಿಣ, ಪಶ್ಚಿಮ ಟೆಕ್ಸಾಸಿನಲ್ಲಿ ಹಾವೆಲೀನಾ ಅಂತ ಇನ್ನೊಂದು ಪ್ರಾಣಿ ಇದೆ. ಕತ್ತಲಲ್ಲಿ ಸಣ್ಣ ಹಂದಿ ಹಾಗೇ ಕಾಣುತ್ತೆ, ಹಂದಿ ಅಲ್ಲ. ಅದಕ್ಕೆ ಲೈಸೆನ್ಸ್ ಬೇಕು, ಸೀಸನ್ ಉಂಟು, ಲೆಕ್ಕವೂ ಉಂಟು.

ಮಡಿಕೇರಿ_ಮಂಜು

ಎಲ್ಲ ಸರಿ, ಪಂದಿ ಕರಿ (ನಮ್ಮ ಕೊಡಗಿನ ಹಂದಿ ಸಾರು) ವಿಷಯಕ್ಕೆ ಯಾವಾಗ ಬರುತ್ತೀರಿ? ಡಾಲಸ್‌ನಲ್ಲಿ ಇರುವ ನನ್ನ ತಂಗಿ ಮನೆಯಲ್ಲಿ ಅದಕ್ಕೆ ಹಾಕುವ ಹುಳಿ, ಕಾಚಂಪುಳಿ, ಎರಡು ಬಾಟಲಿ ಇದೆ.

ಮೆಸ್ಕೀಟ್_ಮುಳ್ಳು

ಮರಿ ಹಂದಿ, ಹರೆಯದ ಹೆಣ್ಣು ಚೆನ್ನಾಗಿರುತ್ತೆ. ದೊಡ್ಡ ಗಂಡು ಬೇಯಿಸಿದರೆ ಮನೆ ಬಿಡಬೇಕು, ಆ ವಾಸನೆಗೆ. ಮಾಂಸ ಬಿಡಿಸುವಾಗ ಕೈಗವಸು ಕಡ್ಡಾಯ. ಬ್ರುಸೆಲ್ಲೋಸಿಸ್ ಅಂತ ಒಂದು ಜ್ವರ ಇದೆ, ಹಸಿ ರಕ್ತ ಗಾಯಕ್ಕೆ ತಾಗಿದರೆ ಬರುತ್ತೆ. ಬಂದರೆ ತಿಂಗಳುಗಟ್ಟಲೆ ಬಿಡಲ್ಲ. ಮಾಂಸದ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಪಂದಿ ಕರಿ ಹೇಗಿದ್ದರೂ ಗಂಟೆಗಟ್ಟಲೆ ಬೇಯುತ್ತೆ, ಅದಕ್ಕೆ ಭಯ ಇಲ್ಲ.

ತುಳಸಿಕಟ್ಟೆ

ನಾನು ಹೊರಟೆ.

ಹಿಂದಿನ_ಬೆಂಚು

ಇರಿ, ಶನಿವಾರ ಏನಾಯಿತು ಅಂತ ಕೇಳಿಕೊಂಡು ಹೋಗಿ.

ಆಸ್ಟಿನ್_ತೀರ್ಥಹಳ್ಳಿ

ಹೋಗಿ ಬಂದೆ. ಉದ್ದ ಆಗುತ್ತೆ, ಕ್ಷಮಿಸಿ.

ವಕೀಲರು ಒಂದೇ ಸಾಲು ಬರೆದರು: ಲೈಸೆನ್ಸ್ ಕೈಗೆ ಬರುವ ತನಕ ಬಂದೂಕು ಮುಟ್ಟಬೇಡಿ. ಮಾವನಿಗೆ ಹೇಳಿದೆ. ನಕ್ಕು ಕೈಗೊಂದು ಥರ್ಮಲ್ ದುರ್ಬೀನು ಕೊಟ್ಟರು. ‘ಇವತ್ತು ನೀನು ನಮ್ಮ ಕಣ್ಣು’ ಅಂದರು.

ಗೇಟಿನ ಸರಪಳಿಗೆ ಹಳೇ ಸಾಕ್ಸ್ ಸುತ್ತಿಟ್ಟಿದ್ದರು, ಸದ್ದಾಗದಿರಲಿ ಅಂತ. ಒಂದು ಸಣ್ಣ ಬಾಟಲಿಯಿಂದ ಪೌಡರ್ ಊದಿ ಗಾಳಿ ನೋಡಿದರು. ಪೌಡರ್ ನಮ್ಮ ಮುಖಕ್ಕೇ ಬಂತು, ಅಂದರೆ ಗಾಳಿ ಸರಿಯಾಗಿದೆ. ಆಮೇಲೆ ಎರಡು ಗಂಟೆ ಏನೂ ಇಲ್ಲ. ದೂರದಲ್ಲಿ ಕಯೋಟಿ (ಇಲ್ಲಿನ ಸಣ್ಣ ತೋಳ) ಊಳಿಟ್ಟವು. ನಾನು ದುರ್ಬೀನಿನಲ್ಲಿ ನೋಡಿದರೆ ಬಯಲ ತುಂಬಾ ಹಂದಿ! ಮೈ ಜುಮ್ ಅಂತು. ಗೆಳೆಯ ಕಿವಿಯಲ್ಲಿ ಹೇಳಿದ, ‘ಅದು ಬಂಡೆ.’ ಲಾನೋ ಕಡೆ ಎಲ್ಲ ಗ್ರಾನೈಟು. ಹಗಲ ಬಿಸಿಲು ಕುಡಿದ ಬಂಡೆ ರಾತ್ರಿ ಹನ್ನೊಂದಾದರೂ ಬೆಳ್ಳಗೆ ಹೊಳೆಯುತ್ತೆ. ಹದಿನಾಲ್ಕು ಬಂಡೆ ಎಣಿಸಿದೆ. ಸುಮಾರು ಹೊತ್ತಾದ ಮೇಲೆ ಮತ್ತೆ ಎಣಿಸಿದೆ, ಹದಿನೈದು.

ಹದಿನೈದನೆಯದ್ದು ನಡೆಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು. ಸಣ್ಣವು ದೊಡ್ಡದರ ಹೊಟ್ಟೆ ಕೆಳಗೇ ಓಡಾಡುತ್ತಿದ್ದವು. ವಾಸನೆ ಮೊದಲು ಬಂತು, ಹುಳಿ ಹುಳಿ, ಹಳೇ ಕಲಗಚ್ಚಿನ ಹಾಗೆ. ಆಮೇಲೆ ಸದ್ದು. ಕೆಸರುಗದ್ದೆಯಲ್ಲಿ ಕಾಲು ಕಿತ್ತಾಗ ಬರುತ್ತಲ್ಲ, ಪಚಕ್ ಪಚಕ್, ಅದೇ ಸದ್ದು ಇಪ್ಪತ್ತು ಬಾಯಿಂದ. ಹತ್ತೊಂಬತ್ತು ಎಣಿಸಿದೆ. ಮಾವ ಹೊಡೆಯಲಿಲ್ಲ. ಹಿಂಡಿನ ಹಿಂದೆ ಅವರದ್ದೇ ದನ ನಿಂತಿತ್ತು. ಹತ್ತು ನಿಮಿಷ ಕಾದರು, ದನ ಸರಿಯಿತು.

ಆಮೇಲೆ ಆಗಿದ್ದು ಇಪ್ಪತ್ತು ಸೆಕೆಂಡು ಇರಬಹುದು. ನಾಲ್ಕು ಬಿದ್ದವು. ಉಳಿದವು ಎಲ್ಲಿ ಹೋದವು ಅಂತ ದುರ್ಬೀನಿನಲ್ಲಿದ್ದ ನನಗೂ ಕಾಣಲಿಲ್ಲ. ಅವು ನಿಂತಿದ್ದ ಜಾಗದಲ್ಲಿ ನೆಲ ಮಾತ್ರ ಇನ್ನೂ ಸ್ವಲ್ಪ ಬೆಳ್ಳಗಿತ್ತು, ಕಾಲು ಊರಿದ ಕಡೆ, ಮೂತಿ ಒತ್ತಿದ ಕಡೆ. ನೋಡುತ್ತಿದ್ದ ಹಾಗೇ ಆರಿಹೋಯಿತು.

ಒಂದು ಚಿಕ್ಕ ಹೆಣ್ಣನ್ನು ಮಾಂಸಕ್ಕೆ ತೆಗೆದುಕೊಂಡರು. ಉಳಿದ ಮೂರನ್ನು ಬೇಲಿ ಪಕ್ಕ ಎಳೆದು ಹಾಕಿದರು, ಹದ್ದಿಗೆ. ನನಗೆ ಅದು ಒಂಥರಾ ಆಯ್ತು. ನಮ್ಮ ಅಜ್ಜನ ಕಾಲದಲ್ಲಿ ಹಂದಿ ಬಿದ್ದರೆ ಊರಿಗೆಲ್ಲ ಪಾಲು, ಹೊಡೆದವನಿಗೆ ಬೇರೆ, ನಾಯಿಗೆ ಬೇರೆ ಪಾಲು ಅಂತ ಹೇಳುತ್ತಿದ್ದರು.

ರೂಮಿಗೆ ಬಂದಾಗ ಮೂರು ಗಂಟೆ. ಊರಲ್ಲಿ ಮಧ್ಯಾಹ್ನ ಎರಡೂವರೆ. ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಕೇಳಿದ್ದು ಇಷ್ಟೇ:

‘ಎಷ್ಟು ಬಿತ್ತು?’

‘ನಾಲ್ಕು.’

‘ಬಾಕಿ ಹದಿನೈದು?’

‘ಓಡಿಹೋದವು.’

‘ಹಾಗಾದರೆ ಇನ್ನೊಂದು ವಾರಕ್ಕೆ ಬರುತ್ತವೆ ಬಿಡು.’

ಲಬಕ್_ಹತ್ತಿಬೆಳೆ

ನಿಮ್ಮ ತಂದೆಯವರನ್ನು ಇಲ್ಲಿಗೆ ಕಳಿಸಿ. ನನ್ನ ಕೆಲಸ ಅವರಿಗೇ ಕೊಡುತ್ತೇನೆ.

ಹೊಸನಗರ_ಕಾವಲು

ಒಂದು ವಾರನಾ? ನಮ್ಮಲ್ಲಿ ನಾಲ್ಕು ದಿನ.

ವೀಸಾ_ಪುರಾಣ

ಬಂದೂಕು ಮುಟ್ಟಲಿಲ್ಲ ಅಲ್ವಾ? ಫೋಟೋನೂ ತೆಗೆಸಿಕೊಂಡಿಲ್ಲ ಅಲ್ವಾ?

ಆಸ್ಟಿನ್_ತೀರ್ಥಹಳ್ಳಿ

ಇಲ್ಲ ಮಾರಾಯರೇ. ದುರ್ಬೀನು ಹಿಡಿದ ಫೋಟೋ ಮಾತ್ರ. ಕೋರ್ಸಿಗೆ ಸೇರಿದ್ದೇನೆ, ಬೇಲಿ ದಾಟುವ ಪಾಠ ಮುಗಿಯಿತು.

ಆದರೆ ಇರುವೆ ವಿಷಯ ಹೇಳಿದ್ದರೂ ನಾನು ಮಾಮೂಲಿ ಶೂ ಹಾಕಿಕೊಂಡು ಹೋಗಿದ್ದೆ. ಎರಡೂ ಕಾಲಿನ ಗಂಟಿನ ಸುತ್ತ ಬಿಳೀ ಗುಳ್ಳೆ ಎದ್ದಿದೆ. ಏನು ಹಚ್ಚಬೇಕು?

ಮೆಸ್ಕೀಟ್_ಮುಳ್ಳು

ಗುಳ್ಳೆ ಒಡೆಯಬೇಡಿ. ಹೈಡ್ರೋಕಾರ್ಟಿಸೋನ್ ಕ್ರೀಮು ಅಂಗಡಿಯಲ್ಲೇ ಸಿಗುತ್ತೆ.

ತುಳಸಿಕಟ್ಟೆ

ತುಳಸಿ ರಸ ಹಚ್ಚಿ.

ಹಿಂದಿನ_ಬೆಂಚು

ಹೊರಟೆ ಅಂದಿದ್ದಿರಲ್ಲ!

ಆಸ್ಟಿನ್_ತೀರ್ಥಹಳ್ಳಿ

ಇಲ್ಲಿ ತುಳಸಿ ಎಲ್ಲಿ ತರಲಿ?

ತುಳಸಿಕಟ್ಟೆ

ನಾನಿರುವುದೂ ಆಸ್ಟಿನ್‌ನಲ್ಲೇ. ಚಳಿಗೆ ಹಾಳಾಗದಿರಲಿ ಅಂತ ಕುಂಡವನ್ನು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗಿ. ಮಾಂಸ ತರಬೇಡಿ.